ಕೆಂಡಲ್ ಗ್ರೀನಿನ ಕಲ್ಲುಮಂದಿರ

ಕಿವುಡರ ವಿದ್ಯಾಲಯಕ್ಕೆ ಗಡಿಯಾರದ ಗೋಪುರವೇತಕ್ಕೆಂದು ಕೇಳುವವರುಂಟು. ಗಂಟೆಯ ನಾದವು ಕಿವಿಗೆ ಸಲ್ಲುವುದಾದರೆ ಮುಳ್ಳಿನ ನಡೆಯು ಕಣ್ಣಿಗೆ ಸಲ್ಲುವುದಷ್ಟೆ. ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಕೆಂಡಲ್ ಗ್ರೀನ್ ಎಂಬ ಹಸುರುಬಯಲಿನ ನಡುವೆ ನಿಂತಿರುವ ಚಾಪೆಲ್ ಹಾಲ್ ಎಂಬ ಮಂದಿರಕ್ಕೆ ಅಂತಹದೊಂದು ಗೋಪುರವುಂಟು.

ಆ ಬಯಲು ಏಮಸ್ ಕೆಂಡಲ್ ಎಂಬವರದಾಗಿದ್ದಿತು. ಇವರು ಹಿಂದೆ ಅಂಚೆ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರು. ಕಿವುಡ ಮಕ್ಕಳನ್ನು ಊರಿಗೆ ಕರೆತಂದು, ಅವರ ಹೆಸರಿನಲ್ಲಿ ಹಣವೆತ್ತಿ, ಅವರನ್ನೇ ಉಪೇಕ್ಷಿಸಿದ ಒಬ್ಬ ವಂಚಕನ ಕೈಯಿಂದ ಐವರನ್ನು ಬಿಡಿಸಿ, ನ್ಯಾಯಾಲಯದ ಮೂಲಕ ಅವರಿಗೆ ಪೋಷಕರಾದರು. ಎರಡು ಎಕರೆ ನೆಲವನ್ನೂ ಒಂದು ಮನೆಯನ್ನೂ ಕೊಟ್ಟರು. 1857ರಲ್ಲಿ ಶಾಲೆ ಹುಟ್ಟಿತು. ಅದರ ಆಡಳಿತವನ್ನು ವಹಿಸಿಕೊಂಡ ಎಡ್ವರ್ಡ್ ಮೈನರ್ ಗ್ಯಾಲಡೆಟ್ಟರಿಗೆ ಆಗ ಇಪ್ಪತ್ತೇ ವರ್ಷ. ಮಕ್ಕಳ ಊಟೋಪಚಾರಗಳ ಹೊಣೆಯನ್ನು ಹೊತ್ತವರು ಅವರ ತಾಯಿ ಸೋಫಿಯಾ. ಆ ತಾಯಿ ಹುಟ್ಟು ಕಿವುಡಿ. ಮಗನು ತೊಟ್ಟಿಲಿನಿಂದಲೇ ಕೈಮಾತನ್ನು ಕಂಡು ಬೆಳೆದವನು. ಇಂತಹವರನ್ನು ‘ಮೂಕ’ರೆಂದು ಕರೆಯುವುದು ನಮ್ಮಲ್ಲಿಯೂ ರೂಢಿಯಾಗಿದ್ದಿತು. ಎಷ್ಟು ಅಸಂಗತವಾದ ಮಾತು!

ಅಂತರ್ಯುದ್ಧವು ಇನ್ನೂ ನಡೆಯುತ್ತಿರುವಾಗಲೇ, 1864ನೆಯ ಏಪ್ರಿಲ್ 8ರಂದು, ಈ ಸಂಸ್ಥೆಯು ಪದವಿಗಳನ್ನು ಕೊಡಬಹುದೆಂಬ ಕಾಯಿದೆಗೆ ಅಧ್ಯಕ್ಷ ಲಿಂಕನ್ನರು ಸಹಿ ಹಾಕಿದರು. ಕಿವುಡರು ಕೈಕಸುಬು ಕಲಿತರೆ ಸಾಕೆಂದು ಬಹುಮಂದಿ ನಂಬಿದ್ದ ಕಾಲವದು. ಕಾಲೇಜಾದ ಮೇಲೆ ಅದಕ್ಕೆ ತಕ್ಕ ಕಟ್ಟಡ ಬೇಡವೆ? 1866ರಲ್ಲಿ ಆಲ್ಮ್‌ಸ್ಟೆಡ್ ಮತ್ತು ವಾಕ್ಸ್ ಎಂಬ ಪ್ರಸಿದ್ಧರು ಆವರಣದ ನಕ್ಷೆ ಬರೆದರು. ಮಂದಿರವನ್ನು ರೂಪಿಸಿದವರು ಇಂಗ್ಲೆಂಡಿನಲ್ಲಿ ಹುಟ್ಟಿದ ಶಿಲ್ಪಿ ಫ್ರೆಡರಿಕ್ ವಿದರ್ಸ್. ಮೊನಚು ಕಮಾನಿನ ಕಿಟಕಿಗಳೂ ಎರಡು ವರ್ಣದ ಕಲ್ಲಿನ ಪಟ್ಟಿಗಳೂ ಅದನ್ನು ಗಾಥಿಕ್ ಶೈಲಿಯದೆಂದು ಸಾರುತ್ತವೆ. ಹೆಸರು ಪ್ರಾರ್ಥನಾಲಯದ್ದಾದರೂ ಅದೇ ಕಟ್ಟಡದೊಳಗೆ ಊಟದ ಮನೆ, ಅಡಿಗೆಮನೆಗಳೂ ಇದ್ದುವು. 1871ರ ಜನವರಿಯಲ್ಲಿ ನಡೆದ ಅರ್ಪಣೋತ್ಸವಕ್ಕೆ ಅಧ್ಯಕ್ಷ ಗ್ರಾಂಟರೇ ಬಂದಿದ್ದರು.

ಮಂದಿರದ ಮುಂದೆ 1889ರಲ್ಲಿ ಒಂದು ಕಂಚಿನ ಪ್ರತಿಮೆ ನಿಂದಿತು. ಎಡ್ವರ್ಡರ ತಂದೆ ಥಾಮಸ್ ಗ್ಯಾಲಡೆಟ್ಟರೂ ಅವರ ಮೊದಲ ಶಿಷ್ಯೆಯಾದ ಬಾಲೆ ಆಲಿಸ್ ಕಾಗ್ಸ್‌ವೆಲ್ಲಳೂ ಬೆರಳಿನಿಂದ ‘ಎ’ ಅಕ್ಷರವನ್ನು ತೋರುತ್ತಿರುವ ಭಂಗಿ ಅದು. ಡೇನಿಯಲ್ ಚೆಸ್ಟರ್ ಫ್ರೆಂಚ್ ಎಂಬ ಶಿಲ್ಪಿಯ ಕೃತಿ. ಗೋಪುರಕ್ಕಿಂತ ಈ ಪ್ರತಿಮೆಯೇ ನನಗೆ ಹೆಚ್ಚಿನದೆಂದು ತೋರುತ್ತದೆ. ಏಕೆಂದರೆ ಅದಕ್ಕೆ ಕೇವಲ ಒಂಬತ್ತು ವರ್ಷಗಳ ಹಿಂದೆ, 1880ರಲ್ಲಿ, ಮಿಲಾನ್ ನಗರದಲ್ಲಿ ನೆರೆದ ಉಪಾಧ್ಯಾಯರ ಸಮ್ಮೇಳನವು ಕಿವುಡರಿಗೆ ಬಾಯಿಮಾತಿನಿಂದಲೇ ಕಲಿಸತಕ್ಕದ್ದೆಂದು ತೀರ್ಮಾನಿಸಿದ್ದಿತು. ನೆರೆದವರಲ್ಲಿ ಬಹುತೇಕರು ಕಿವಿಯುಳ್ಳವರು. ಎಡ್ವರ್ಡರು ಅಲ್ಲಿ ಅದನ್ನು ವಿರೋಧಿಸಿದರೂ ಫಲವಾಗಲಿಲ್ಲ. ಅನೇಕ ಶಾಲೆಗಳಿಂದ ಕೈಮಾತು ಹೊರದೂಡಲ್ಪಟ್ಟಿತು. ಕೆಂಡಲ್ ಗ್ರೀನಿನಲ್ಲಿ ಅದು ಉಳಿಯಿತು.

1965ರಲ್ಲಿ ಸರ್ಕಾರವು ಮಂದಿರವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಅಂಗೀಕರಿಸಿತು. ಆದರೆ ಸಂಸ್ಥೆಯ ಅಧ್ಯಕ್ಷ ಪೀಠವನ್ನು ಅಂದಿಗೂ ಕಿವುಡರೊಬ್ಬರು ಏರಿರಲಿಲ್ಲ. 1988ರ ಮಾರ್ಚಿಯಲ್ಲಿ ಮತ್ತೊಮ್ಮೆ ಕಿವಿಯುಳ್ಳವರನ್ನೇ ಆರಿಸಿದಾಗ ವಿದ್ಯಾರ್ಥಿಗಳು ಬಾಗಿಲುಗಳನ್ನು ಮುಚ್ಚಿ ನಿಂತರು. ಒಂದು ವಾರದೊಳಗೆ ಐ. ಕಿಂಗ್ ಜೋರ್ಡನ್ನರು ಮೊದಲನೆಯ ಕಿವುಡ ಅಧ್ಯಕ್ಷರಾದರು. ಲಿಂಕನ್ನರು ಸಹಿ ಹಾಕಿ ಅಂದಿಗೆ ನೂರಿಪ್ಪತ್ತನಾಲ್ಕು ವರ್ಷಗಳಾಗುತ್ತ ಬಂದಿದ್ದುವು.