ಹುಲ್ಲೆಯ ಹಿಂದೆ ಹೋದವರು: ತುಮಕೂರು ಸೀಮೆಯ ಬೇಟೆಯ ಚರಿತ್ರೆ

ತುಮಕೂರಿನಿಂದ ಬೆಳ್ಳಾವಿಗೆ ಬಸ್ಸಿನಲ್ಲಿ ಹೋಗುವ ವಿದ್ಯಾರ್ಥಿಗೆ ಕಿಟಕಿಯಾಚೆ ಕಾಣುವುದು ರಾಗಿ ಹೊಲ, ತೆಂಗಿನ ತೋಟ, ಅಲ್ಲಲ್ಲಿ ಒಂದು ಕೆರೆ ಏರಿ. ಇಂತಹ ಬಯಲುಸೀಮೆಯಲ್ಲಿ ಜಿಂಕೆಯ ಬೇಟೆ ಒಂದು ಕಾಲಕ್ಕೆ ಊರೆಲ್ಲ ಸೇರಿ ಮಾಡುತ್ತಿದ್ದ ಸಂಭ್ರಮವಾಗಿತ್ತು ಎಂದರೆ ಇಂದು ನಂಬುವುದು ಕಷ್ಟ. ಆದರೆ ನಮ್ಮ ಭಾಷೆ ಅದನ್ನು ಮರೆತಿಲ್ಲ. ಹುಲ್ಲೆ, ಎರಳೆ, ಜಿಂಕೆ, ಕಡವೆ, ಕಾಡುಕುರಿ, ಕೊಂಡುಕುರಿ, ಬರ್ಕ ಎಂದು ಒಂದೊಂದಕ್ಕೂ ಬೇರೆ ಹೆಸರಿಟ್ಟ ಜನ ಅವನ್ನು ಬಹಳ ಹತ್ತಿರದಿಂದ ಕಂಡವರೇ ಆಗಿರಬೇಕು.

ಇಲ್ಲಿ ವಿಜ್ಞಾನದ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾವು ಎಲ್ಲವನ್ನೂ ಜಿಂಕೆ ಎಂದು ಕರೆದುಬಿಡುತ್ತೇವೆ. ಪ್ರಾಣಿಶಾಸ್ತ್ರದ ಪ್ರಕಾರ ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವಲ್ಲ. ಚುಕ್ಕೆ ಜಿಂಕೆ, ಕಡವೆಗಳಲ್ಲಿ ಗಂಡಿನ ಕೊಂಬು ಕವಲೊಡೆಯುತ್ತದೆ; ಅದು ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತದೆ. ಕೃಷ್ಣಮೃಗ, ಅಂದರೆ ಹಳೆಯ ಕನ್ನಡದ ಹುಲ್ಲೆ ಎರಳೆಗಳು, ಆಡು ಹಸುಗಳ ಕುಟುಂಬದವು. ಗಂಡಿನ ತಿರುಚಿದ ಕೊಂಬು ಕವಲೊಡೆಯುವುದಿಲ್ಲ, ಉದುರುವುದೂ ಇಲ್ಲ. ಚುಕ್ಕೆ ಜಿಂಕೆಗೆ ಮರದ ನೆರಳು ಬೇಕು. ಕೃಷ್ಣಮೃಗಕ್ಕೆ ಬಯಲು ಬೇಕು. ತುಮಕೂರು ಸೀಮೆಯ ಬೇಟೆಯ ಕಥೆ ಬಹುಮಟ್ಟಿಗೆ ಈ ಬಯಲಿನ ಪ್ರಾಣಿಯ ಕಥೆ.

ಬೆಳ್ಳಾವಿಯ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಒಬ್ಬ ಮಹನೀಯರಿದ್ದರು. ಬೆಳ್ಳಾವೆ ವೆಂಕಟನಾರಣಪ್ಪನವರು (1872-1943) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದವರು. ಅದೇ ಕೈಗಳು 1931ರಲ್ಲಿ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನೂ ಸಂಪಾದಿಸಿದವು. ಆ ಕಾವ್ಯದಲ್ಲಿ ಅರ್ಜುನನ ಬೇಟೆಯ ವಿಸ್ತಾರವಾದ ವರ್ಣನೆ ಬರುತ್ತದೆ. ಹತ್ತನೆಯ ಶತಮಾನದ ಪಂಪನಿಗೆ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಗೆಳೆಯರ ಜೊತೆ ಅಡವಿಯಲ್ಲಿ ಕಳೆಯುವ ಒಂದು ದೊಡ್ಡ ವಿನೋದ. ಹಳಗನ್ನಡದಲ್ಲಿ ‘ಬೇಟ’ ಎಂದರೆ ಪ್ರೇಮ, ‘ಬೇಂಟೆ’ ಎಂದರೆ ಮೃಗಯೆ. ಎರಡು ಪದಗಳ ನಡುವೆ ಇರುವುದು ಒಂದು ಸೊನ್ನೆ, ಒಂದು ಸ್ವರದ ಅಂತರ ಮಾತ್ರ. ಪಂಪನಂತಹ ಕವಿ ಇದನ್ನು ಗಮನಿಸದೆ ಇದ್ದಿರಲಾರ.

ಸುಮಾರು 1130ರ ಹೊತ್ತಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಬೇಟೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ಸಂಗೀತ, ಮೀನು ಹಿಡಿಯುವುದು ಮುಂತಾದ ವಿನೋದಗಳ ಸಾಲಿನಲ್ಲಿ ಅರಸನು ಮೃಗಯೆಯನ್ನೂ ಸೇರಿಸಿದ್ದಾನೆ. ಪಳಗಿಸಿದ ಹುಲ್ಲೆಯನ್ನು ಮುಂದೆ ಬಿಟ್ಟು ಕಾಡಿನ ಹುಲ್ಲೆಗಳನ್ನು ಬಳಿಗೆ ಸೆಳೆಯುವ ಉಪಾಯ ಆಗ ಪ್ರಸಿದ್ಧವಾಗಿತ್ತು. ಹೀಗೆ ಮೋಸಕ್ಕೆ ಬಳಸುವ ಮೃಗಕ್ಕೆ ಕನ್ನಡದಲ್ಲಿ ‘ದೀವ’ ಎಂಬ ಹೆಸರಿದೆ. ತನ್ನ ಜಾತಿಯದೇ ಪ್ರಾಣಿ ನಿರಾತಂಕವಾಗಿ ಮೇಯುತ್ತಿರುವುದನ್ನು ಕಂಡರೆ ಹಿಂಡಿಗೆ ಧೈರ್ಯ ಬರುತ್ತದೆ. ಅಥವಾ ಹಿಂಡಿನ ಗಂಡಿಗೆ ಹೊಸ ಗಂಡನ್ನು ಓಡಿಸುವ ಹಟ ಬರುತ್ತದೆ. ಎರಡೂ ಅದನ್ನು ಬಿಲ್ಲಿನ ಅಳತೆಗೆ ತರುತ್ತವೆ.

ಅರಸರ ಇನ್ನೊಂದು ಸಾಧನ ಸಿವಂಗಿ, ಅಂದರೆ ಚೀತಾ. ಕಣ್ಣಿಗೆ ಬಟ್ಟೆ ಕಟ್ಟಿ ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಹೊಲದ ಗಾಡಿ ದಿನವೂ ಓಡಾಡುವುದರಿಂದ ಕೃಷ್ಣಮೃಗಗಳು ಅದಕ್ಕೆ ಹೆದರುತ್ತಿರಲಿಲ್ಲ. ಹತ್ತಿರವಾದ ಮೇಲೆ ಕಣ್ಣಪಟ್ಟಿ ಬಿಚ್ಚಿದರೆ ಕೆಲವು ನೂರು ಮೀಟರುಗಳಲ್ಲಿ ಎಲ್ಲ ತೀರ್ಮಾನವಾಗಿಬಿಡುತ್ತಿತ್ತು. ಅಷ್ಟರಲ್ಲಿ ಹಿಡಿಯಲಾಗದಿದ್ದರೆ ಸಿವಂಗಿ ಓಟ ಬಿಟ್ಟು ಕುಳಿತುಬಿಡುತ್ತದೆ. ಟಿಪ್ಪು ಸುಲ್ತಾನನ ಬಳಿ ಇದ್ದ ಸಿವಂಗಿಗಳು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಸೇರಿದವು. ಭಾರತದ ಕಾಡಿನಲ್ಲಿ ಈ ಪ್ರಾಣಿ ನಶಿಸಿತೆಂದು ಘೋಷಿಸಿದ್ದು 1952ರಲ್ಲಿ. 2022ರಲ್ಲಿ ಆಫ್ರಿಕಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟದ್ದನ್ನು ನೀವು ಸುದ್ದಿಯಲ್ಲಿ ನೋಡಿದ್ದೀರಿ.

ಅರಸರ ಬೇಟೆಗೆ ಗ್ರಂಥಗಳಿವೆ, ಶಾಸನಗಳಿವೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ 949-50ರ ಸುಮಾರಿನ ಕಲ್ಲಿದೆ. ಹಳ್ಳಿಯವರ ಬೇಟೆಗೆ ಅಂತಹ ದಾಖಲೆ ಕಡಿಮೆ, ಆದರೆ ಅದು ಹಬ್ಬಗಳಲ್ಲಿ ಉಳಿದುಕೊಂಡಿದೆ. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕು. ಆ ದಿನ ಊರಿನ ಗಂಡಸರು, ಹುಡುಗರು, ನಾಯಿಗಳು ಎಲ್ಲ ಸೇರಿ ಬಲೆ, ದೊಣ್ಣೆ, ಈಟಿ ಹಿಡಿದು ಶಿಕಾರಿಗೆ ಹೊರಡುವುದು ವಾಡಿಕೆಯಾಗಿತ್ತು. ತಮಟೆ ಬಡಿದು ಒಂದು ಕಡೆಯಿಂದ ಎಬ್ಬಿಸುವವರು ಕೆಲವರು, ಇನ್ನೊಂದು ಕಡೆ ಬಲೆಯ ಬಳಿ ಉಸಿರು ಬಿಗಿಹಿಡಿದು ಕೂರುವವರು ಕೆಲವರು. ಹೆಚ್ಚಿನ ಸಲ ಸಿಗುತ್ತಿದ್ದುದು ಮೊಲವೋ ಹಂದಿಯೋ. ಜಿಂಕೆ ಸಿಕ್ಕರೆ ವರ್ಷವಿಡೀ ಆಡಿಕೊಳ್ಳುವ ಮಾತು. ಸಿಕ್ಕಿದ್ದನ್ನು ಪಾಲು ಹಾಕುತ್ತಿದ್ದರು. ಈಗ ಅದೇ ಹಬ್ಬಕ್ಕೆ ನಾಲ್ಕಾರು ಮನೆಯವರು ಸೇರಿ ಕುರಿ ತಂದು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ಪದ್ಧತಿ ಇದೆ. ಗುಡ್ಡೆ ಬಾಡು ಎನ್ನುತ್ತಾರೆ. ಅದು ಆ ಹಳೆಯ ಬೇಟೆಯ ಪಾಲಿನ ನೆನಪಿರಬೇಕು ಎಂಬುದು ನನ್ನ ಊಹೆ.

ದೇವರೂ ಬೇಟೆಗೆ ಹೋಗುತ್ತಾನೆ. ಸಂಕ್ರಾಂತಿಯ ಹೊತ್ತಿಗೆ ನಡೆಯುವ ಪಾರ್ವೇಟೆ ಉತ್ಸವದಲ್ಲಿ ಉತ್ಸವಮೂರ್ತಿಯನ್ನು ಊರಾಚೆ ಕರೆದೊಯ್ಯುತ್ತಾರೆ. ಬಯಲುಸೀಮೆಯ ಕೆಲವೆಡೆ ಮೊಲವೊಂದನ್ನು ಹಿಡಿದು ತಂದು ಪೂಜಿಸಿ, ಜನರ ಮಧ್ಯೆ ಓಡಿಹೋಗಲು ಬಿಟ್ಟುಬಿಡುತ್ತಾರೆ. ಬೇಟೆಯ ಗದ್ದಲವೆಲ್ಲ ಇದೆ, ಕೊಲೆ ಮಾತ್ರ ಇಲ್ಲ.

ತುಮಕೂರಿನವರು ಮಕ್ಕಳು ಮರಿ ಕಟ್ಟಿಕೊಂಡು ಹೋಗುವ ಜಾಗ ಎಂದರೆ ದೇವರಾಯನದುರ್ಗ. ಮೊದಲು ಆನೆಬಿದ್ದಸರಿ ಎಂದೂ ಜಡಕನದುರ್ಗ ಎಂದೂ ಹೆಸರಿದ್ದ ಈ ಬೆಟ್ಟಕ್ಕೆ, ಮೈಸೂರಿನ ಚಿಕ್ಕದೇವರಾಜ ಒಡೆಯರು (1673-1704) ವಶಪಡಿಸಿಕೊಂಡ ಮೇಲೆ ಈಗಿನ ಹೆಸರು ಬಂತು. ಬೆಟ್ಟದ ಕೆಳಗೆ ನಾಮದ ಚಿಲುಮೆ. ಹಣೆಗೆ ನಾಮ ಇಡಲು ನೀರಿಲ್ಲದೆ ರಾಮನು ಬಂಡೆಗೆ ಬಾಣ ಹೊಡೆದನೆಂದೂ ಅಲ್ಲಿ ನೀರು ಚಿಮ್ಮಿತೆಂದೂ ಸ್ಥಳಪುರಾಣ. ಮಾಯಾಮೃಗದ ಹಿಂದೆ ಹೋಗಿ ಕಷ್ಟಪಟ್ಟ ರಾಮನ ಬಾಣ ಇಲ್ಲಾದರೂ ನೀರು ಕೊಟ್ಟಿತಲ್ಲ ಎಂದು ನನಗೆ ಅನ್ನಿಸುವುದುಂಟು. ಅದರ ಪಕ್ಕದಲ್ಲೇ ಬೇಲಿಯೊಳಗೆ ಚುಕ್ಕೆ ಜಿಂಕೆಗಳನ್ನು ಸಾಕಿದ್ದಾರೆ. ಕಾರ್ತಿಕ ಮಾಸದ ವನಭೋಜನಕ್ಕೆ ಬುತ್ತಿ ಕಟ್ಟಿಕೊಂಡು ಬಂದವರು ಇವನ್ನು ನೋಡದೆ ಹಿಂತಿರುಗುವುದಿಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್ (1910-1974) ತನ್ನ ಬೇಟೆಯ ಕಥೆಗಳಲ್ಲಿ ದೇವರಾಯನದುರ್ಗವನ್ನೂ ತಂದಿದ್ದಾನೆ. ಆತನ ಮಗ ಡೊನಾಲ್ಡ್ ಕೂಡ ತಂದೆಯ ಹಾದಿಯಲ್ಲೇ ಬೇಟೆಗಾರನಾದ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಆಂಡರ್ಸನ್ ನಮ್ಮ ಕನ್ನಡದ ಮಕ್ಕಳಿಗೂ ಪರಿಚಿತ.

ಬಿಲ್ಲು, ಬಲೆ, ಸಿವಂಗಿಗಳಿಂದ ಹುಲ್ಲೆಯ ಸಂತತಿ ಅಳಿಯಲಿಲ್ಲ. ಬಿಲ್ಲುಗಾರನಿಗೆ ಗಾಳಿಯ ದಿಕ್ಕು ತಪ್ಪಿದರೆ ಅಂದಿನ ಬೇಟೆ ಮುಗಿದಂತೆ; ಮೃಗದ ಮೂಗು ಅವನಿಗಿಂತ ಮೊದಲೇ ಕೆಲಸ ಮಾಡಿರುತ್ತದೆ. ನಾಡಕೋವಿ ಬಂದಾಗ ದೂರ ಸ್ವಲ್ಪ ಕಡಿಮೆಯಾಯಿತು, ತೋಟಾ ಕೋವಿ ಬಂದಾಗ ಇನ್ನಷ್ಟು. ನಿಜವಾದ ಅನಾಹುತ ಎರಡನೆಯ ಮಹಾಯುದ್ಧದ ನಂತರದ್ದು. ಸೈನ್ಯ ವಿಲೇವಾರಿ ಮಾಡಿದ ಜೀಪುಗಳು ಅಗ್ಗವಾಗಿ ಸಿಕ್ಕಿದವು. ರಾತ್ರಿ ಗೆಳೆಯರು, ನೆಂಟರು ಜೀಪು ಹತ್ತಿ, ದೀಪ ಹಾಕಿಕೊಂಡು ಬಯಲಿಗೆ ನುಗ್ಗುವುದು ಒಂದು ಮೋಜಾಯಿತು.

ಜಿಂಕೆಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಒಂದು ಪದರವಿದೆ. ಅಕ್ಷಿಪಟಲವನ್ನು ದಾಟಿದ ಬೆಳಕು ಅದಕ್ಕೆ ತಾಗಿ ಮತ್ತೊಮ್ಮೆ ಅಕ್ಷಿಪಟಲದ ಮೇಲೆ ಬೀಳುತ್ತದೆ. ನಕ್ಷತ್ರದ ಬೆಳಕಿನಲ್ಲೂ ಚಿರತೆಯ ಸುಳಿವು ಹಿಡಿಯಲು ಪ್ರಕೃತಿ ಕೊಟ್ಟ ಉಪಕರಣ ಇದು. ಅಂತಹ ಕಣ್ಣಿಗೆ ಜೀಪಿನ ದೀಪ ಬಿದ್ದರೆ ಏನೂ ಕಾಣದೆ ಪ್ರಾಣಿ ನಿಂತಲ್ಲೇ ನಿಂತುಬಿಡುತ್ತದೆ. ಕಣ್ಣು ಮಾತ್ರ ಕೆಂಡದಂತೆ ಹೊಳೆದು ಗುರಿ ತೋರಿಸುತ್ತದೆ. ಗಂಟೆಗೆ ಸುಮಾರು 80 ಕಿಲೋಮೀಟರು ಓಡಬಲ್ಲ ಕೃಷ್ಣಮೃಗದ ಕಾಲು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಪಂಪನ ಬೇಟೆಗಾರ ಗಾಳಿ, ಹೆಜ್ಜೆ, ಹುಲ್ಲಿನ ಅಲುಗಾಟಗಳನ್ನು ಬಲ್ಲವನು. ಜೀಪಿನವನಿಗೆ ಸ್ವಿಚ್ಚು ಒತ್ತಲು ಬಂದರೆ ಸಾಕಾಗಿತ್ತು. ಇದನ್ನೂ ಬೇಟೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ರೆಗ್ಯುಲೇಷನ್ ಬಂದಿತ್ತು. ಆದರೆ ಅದರ ಉದ್ದೇಶ ಬೇಟೆಯನ್ನು ನಿಲ್ಲಿಸುವುದಲ್ಲ, ಕ್ರಮಕ್ಕೆ ತರುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು. ಆಗಲೂ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಇಂದು ಕೃಷ್ಣಮೃಗವನ್ನು ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸವಿದೆ.

ಕೋವಿಗೆ ಕಾನೂನು ತಡೆ ಹಾಕಿತು, ನೇಗಿಲಿಗೆ ಹಾಕಲಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿರಿಸಿದ್ದ ಕಾವಲುಗಳು ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಹರಡಿದ್ದವು. ದನಕ್ಕೆ ಬಿಟ್ಟ ಹುಲ್ಲಿನಲ್ಲಿ ಹುಲ್ಲೆಯೂ ಬದುಕಿತು. ಸ್ವಾತಂತ್ರ್ಯಾನಂತರ ಇವು ತುಂಡು ತುಂಡಾಗಿ ಸಾಗುವಳಿಗೆ, ಇತರ ಕೆಲಸಗಳಿಗೆ ಹೋದವು. ಹುಲ್ಲುಗಾವಲೆಂದರೆ ಬೀಳು ಭೂಮಿ, ಅಲ್ಲಿ ಮರ ನೆಟ್ಟರೆ ಒಳ್ಳೆಯದು ಎಂಬ ನಂಬಿಕೆಯಿಂದ ಎಷ್ಟೋ ಕಡೆ ನೀಲಗಿರಿ ಬೆಳೆಸಲಾಯಿತು. ದೂರದ ಶತ್ರುವನ್ನು ಕಂಡು ಓಡುವ ಪ್ರಾಣಿಗೆ ಒತ್ತಾಗಿ ನೆಟ್ಟ ಮರಗಳ ಸಾಲು ಗೋಡೆಯಿದ್ದಂತೆ.

ಉಳಿದದ್ದರಲ್ಲಿ ಒಂದು ಹಿಂಡು ನಮ್ಮ ಜಿಲ್ಲೆಯಲ್ಲೇ ಇದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಹೆಸರಿನಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 798 ಎಕರೆ ಜಾಗವನ್ನು 2007ರಲ್ಲಿ ಕೃಷ್ಣಮೃಗ ಸಂರಕ್ಷಿತ ಮೀಸಲು ಪ್ರದೇಶವಾಗಿ ಘೋಷಿಸಿದರು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಚಿಂಕಾರಗಳಿಗಾಗಿ 2019ರಲ್ಲಿ ವನ್ಯಧಾಮವಾಯಿತು. ಮೈದನಹಳ್ಳಿಗೆ ಕ್ಯಾಮರಾ ಹಿಡಿದು ಹೋಗುವವರು ಬೆಳಗ್ಗೆ ಬೇಗ ಹೋಗಬೇಕು, ಗಾಳಿಗೆ ಎದುರಾಗಿ ನಡೆಯಬೇಕು, ಮಾತು ಕಡಿಮೆ ಮಾಡಬೇಕು. ನಮ್ಮ ವೃತ್ತಿಯವರು ಚಿತ್ರ ತೆಗೆಯುವುದಕ್ಕೂ ‘ಶೂಟ್’ ಎಂದೇ ಹೇಳುತ್ತಾರೆ. ಬೇಕಾದ ವಿದ್ಯೆಯೂ ಅದೇ ಹಳೆಯ ಬೇಟೆಗಾರನದು.

ಆದರೆ ಸುತ್ತಲಿನ ರೈತರ ಮಾತನ್ನೂ ಕೇಳಬೇಕು. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೊರಟಿದ್ದು ಮೋಜಿಗಲ್ಲ. ವಿಶ್ವಾಮಿತ್ರ ಸೃಷ್ಟಿಸಿದ ಮೃಗಗಳು ಬೆಳೆ ಹಾಳುಮಾಡುತ್ತಿವೆ ಎಂದು ಪ್ರಜೆಗಳು ಬಂದು ದೂರು ಹೇಳಿದ್ದಕ್ಕೆ. ಇಂದು ದೂರು ಹೋಗುವುದು ಅರಣ್ಯ ಇಲಾಖೆಗೆ, ಉತ್ತರ ಬರುವುದು ಪರಿಹಾರದ ಅರ್ಜಿಯ ರೂಪದಲ್ಲಿ. ಎಂಟುನೂರು ಎಕರೆಯ ಹುಲ್ಲು ಹಿಂಡಿಗೆ ವರ್ಷವಿಡೀ ಸಾಲದು, ಹೊರಗೆ ಕಡಲೆಕಾಯಿ ಹೊಲವಿದೆ. ಬೆಳೆಯ ಕಾಲದಲ್ಲಿ ರೈತ ಅಟ್ಟಣೆಯ ಮೇಲೆ ಕುಳಿತು ಡಬ್ಬ ಬಡಿಯುತ್ತಾನೆ. ಹೊಲದಾಚೆ ಕಣ್ಣುಗಳು ಹೊಳೆದರೆ ಬ್ಯಾಟರಿ ಬಿಟ್ಟು ಕೂಗು ಹಾಕುತ್ತಾನೆ. ಹಿಂಡು ಸ್ವಲ್ಪ ದೂರ ಓಡಿ, ಪಕ್ಕದ ಹೊಲಕ್ಕೆ ಇಳಿಯುತ್ತದೆ.