ಬೀಟಲ್ಸ್ ಮನೆಯ ಒಂದು ಜನವರಿ

ಕೂಡು ಕುಟುಂಬ ಒಡೆದರೆ ನಾವು ಮೊದಲು ಬೆರಳು ತೋರಿಸುವುದು ಸೊಸೆಯ ಕಡೆಗೆ. ಬೀಟಲ್ಸ್ ತಂಡ ಒಡೆದಾಗ ಜಗತ್ತು ಮಾಡಿದ್ದೂ ಅದನ್ನೇ. ಜಾನ್ ಲೆನನ್‌ರ ಸಂಗಾತಿ, ಜಪಾನಿನ ಯೋಕೊ ಓನೊ ದಶಕಗಳ ಕಾಲ ಆ ಅಪವಾದ ಹೊತ್ತರು.

1969ರ ಜನವರಿ 2ರಂದು ನಾಲ್ವರೂ ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೋದಲ್ಲಿ ಸೇರಿದರು. ಗೋದಾಮಿನಂಥ ಜಾಗ, ಕೊರೆಯುವ ಚಳಿ, ಸುತ್ತ ಕ್ಯಾಮರಾಗಳು. ರಾತ್ರಿ ಹಾಡು ಕಟ್ಟಿ ಅಭ್ಯಾಸವಿದ್ದವರಿಗೆ ಬೆಳಗಿನ ಹಾಜರಿ! ಆಗ ತೆಗೆದ ಚಿತ್ರಗಳನ್ನು ಪೀಟರ್ ಜಾಕ್ಸನ್ 2021ರಲ್ಲಿ ಸುಮಾರು ಎಂಟು ಗಂಟೆಗಳ ಸರಣಿಯಾಗಿ ಜೋಡಿಸಿದರು. ಅದರಲ್ಲಿ ನಾವು ಕಾಣುವುದು ಚಹಾ, ಟೋಸ್ಟ್, ಸಿಗರೇಟು, ಆಕಳಿಕೆ. ಜಾನ್ ತಡವಾಗಿ ಬರುತ್ತಾರೆ. ಕಾಯುತ್ತ ಕುಳಿತ ಪಾಲ್ ಮೆಕಾರ್ಟ್ನಿ ಬೇಸ್ ಗಿಟಾರ್ ಮೀಟುತ್ತಲೇ ‘ಗೆಟ್ ಬ್ಯಾಕ್’ ಹಾಡಿನ ಎಳೆ ಹಿಡಿಯುತ್ತಾರೆ. ಯೋಕೊ? ಹೆಚ್ಚಿನ ಹೊತ್ತು ಜಾನ್ ಪಕ್ಕದಲ್ಲಿ ಸುಮ್ಮನೆ ಪತ್ರಿಕೆ ಓದುತ್ತಾರೆ. ಆಕೆ ಆಂಪ್ಲಿಫೈಯರ್ ಮೇಲೆ ಕುಳಿತದ್ದಕ್ಕೆ ತಂಡ ಒಡೆಯಿತೆಂದು ಐವತ್ತು ವರ್ಷಗಳ ಬಳಿಕ ಜನ ಹೇಳಿದರೆ ಎಂಥ ತಮಾಷೆ ಎಂದು ಪಾಲ್ ಆಗಲೇ ನಕ್ಕಿದ್ದರು.

ನಿಜವಾದ ಬಿರುಕು ಬೇರೆಡೆ ಇತ್ತು. ಎಲ್ಲರನ್ನೂ ಹಿಡಿದಿಟ್ಟಿದ್ದ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ 1967ರ ಆಗಸ್ಟ್‌ನಲ್ಲೇ ತೀರಿಕೊಂಡಿದ್ದರು. ಯಜಮಾನಿಕೆ ಪಾಲ್ ಹೆಗಲಿಗೆ ಬಿತ್ತು, ಉಳಿದವರಿಗೆ ಅದು ದಬ್ಬಾಳಿಕೆಯಾಗಿ ಕಂಡಿತು. ಕಿರಿಯ ಜಾರ್ಜ್ ಹ್ಯಾರಿಸನ್ ತಂದ ಹಾಡುಗಳಿಗೆ ಅಣ್ಣಂದಿರಲ್ಲಿ ಆಸಕ್ತಿ ಕಡಿಮೆ. ಜನವರಿ 10ರಂದು ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಎದ್ದು ಹೋದರು. ಮನವೊಲಿಸಿದ ಮೇಲೆ ಮರಳಿದರು.

ಜನವರಿ 30ರಂದು ಸೆವಿಲ್ ರೋದ ತಮ್ಮ ಕಚೇರಿಯ ತಾರಸಿಯಲ್ಲಿ ಪೊಲೀಸರು ಬರುವವರೆಗೆ ಒಟ್ಟಿಗೆ ನುಡಿಸಿದರು. 1970ರ ಏಪ್ರಿಲ್‌ನಲ್ಲಿ ಒಡಕು ಬಯಲಾಯಿತು. ಅದೇ ನವೆಂಬರ್‌ನಲ್ಲಿ ಜಾರ್ಜ್ ಮೂರು ಧ್ವನಿಮುದ್ರಿಕೆಗಳ ಒಂದು ಸಂಪುಟ ಹೊರತಂದರು. ಟ್ವಿಕನ್‌ಹ್ಯಾಮ್‌ನಲ್ಲಿ ಮೂಲೆಗೆ ಬಿದ್ದಿದ್ದ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಹಾಡೇ ಅದಕ್ಕೆ ಹೆಸರಾಗಿತ್ತು.