ಯಾರ ಫೋನು ಬಂದಿತ್ತು? ಅಟ್ಟದ ಮೇಲಿನ ಹಳೇ ಮೋಡೆಮ್ ಹೇಳಬಲ್ಲದು

ಜಯನಗರ, ಬನಶಂಕರಿ, ಜೆಪಿ ನಗರದ ಹಳೇ ಮನೆಗಳಲ್ಲಿ ಎರಡು ವಸ್ತು ಇನ್ನೂ ಉಳಿದಿವೆ. ಒಂದು, 26ರಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರು. ಇನ್ನೊಂದು, ಅಟ್ಟದ ಮೇಲೆ ಧೂಳು ಹಿಡಿದಿರುವ ಡಯಲ್‌ಅಪ್ ಮೋಡೆಮ್. ಮಕ್ಕಳು ಬೇರೆ ಊರು, ಬೇರೆ ದೇಶ ಸೇರಿದ ಮೇಲೆ ಆ ಫೋನ್ ಎತ್ತೋದು ಒಂಟಿಯಾಗಿರುವ ಹಿರಿಯರು. 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿ ದುಡ್ಡು ಕೀಳುವವರಿಗೆ ಬೇಕಾದವರೂ ಅವರೇ. ದೂರು ಕೊಡೋಕೆ ಹೋದಾಗ ಮೊದಲು ಕೇಳೋ ಪ್ರಶ್ನೆ: ಯಾವ ನಂಬರಿಂದ, ಎಷ್ಟು ಹೊತ್ತಿಗೆ? ಹಳೇ ಫೋನಿನಲ್ಲಿ ಇದಕ್ಕೆ ಉತ್ತರ ಇರೋದಿಲ್ಲ. ಮೋಡೆಮ್ ಕೊಡಬಲ್ಲದು.

ಸಂಕೇತ ಬರೋದು ಹೇಗೆ

ಕರೆ ಮಾಡಿದವರ ನಂಬರನ್ನು ಎಕ್ಸ್‌ಚೇಂಜ್ ನಿಮ್ಮ ತಂತಿಯ ಮೇಲೆ ಶಬ್ದವಾಗಿ ಕಳಿಸುತ್ತದೆ. ಅಮೆರಿಕದ ಪದ್ಧತಿಗೆ ಎಫ್‌ಎಸ್‌ಕೆ ಅನ್ನುತ್ತಾರೆ. ಅದರಲ್ಲಿ 1200 ಮತ್ತು 2200 ಹರ್ಟ್ಜ್‌ನ ಎರಡು ಸ್ವರಗಳಲ್ಲಿ, ಮೊದಲ ಮತ್ತು ಎರಡನೇ ರಿಂಗಿನ ನಡುವೆ ಮಾಹಿತಿ ಬರುತ್ತದೆ. ನಮ್ಮ ಬಿಎಸ್‌ಎನ್‌ಎಲ್ ತಾಮ್ರದ ಲೈನುಗಳಲ್ಲಿ ಚಾಲ್ತಿಗೆ ಬಂದದ್ದು ಡಿಟಿಎಂಎಫ್. ಬಟನ್ ಒತ್ತಿದಾಗ ಕೇಳಿಸುತ್ತಲ್ಲ, ಅದೇ 'ಟುಂಯ್' ಶಬ್ದ. ಇದು ಮೊದಲ ರಿಂಗಿಗೂ ಮುಂಚೆಯೇ ಬಂದು ಹೋಗಿಬಿಡುತ್ತದೆ. 'ಆಸ್ಟರಿಸ್ಕ್' ಅನ್ನೋ ಮುಕ್ತ ತಂತ್ರಾಂಶದ ಮಾದರಿ ಕಡತದಲ್ಲಿ ಇದಕ್ಕಾಗಿ ಭಾರತದ ಹೆಸರಿನಲ್ಲೇ ಪ್ರತ್ಯೇಕ ಆಯ್ಕೆ ಇದೆ.

ಹೀಗಾಗಿ ಅಮೆರಿಕದಿಂದ ಮಗ ತಂದ ಮೋಡೆಮ್ ಇಲ್ಲಿ ರಿಂಗ್ ಆಗಿದ್ದನ್ನು ತೋರಿಸಿ, ನಂಬರ್ ತೋರಿಸದೇ ಇರಬಹುದು. ಅದು ಕೆಟ್ಟಿಲ್ಲ, ಅದಕ್ಕೆ ಬರೋ ಭಾಷೆ ಬೇರೆ, ಅಷ್ಟೇ.

ಏನೇನು ಬೇಕು

ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡಿನ ಪೆಟ್ಟಿಗೆಗೂ ನಾವು ಮೋಡೆಮ್ ಅಂತಲೇ ಕರೀತೀವಿ, ಅದು ಈ ಕೆಲಸಕ್ಕೆ ಬರೋಲ್ಲ. ಬೇಕಾದ್ದು 56ಕೆ ಡಯಲ್‌ಅಪ್ ಮೋಡೆಮ್, ಅದರಲ್ಲೂ ಕಾಲರ್ ಐಡಿ ಇರುವಂಥದ್ದು. ಯುಎಸ್‌ಬಿ ಅಥವಾ ಹೊರಗೆ ಕೂರುವ ಸೀರಿಯಲ್ ಮೋಡೆಮ್ ಆದರೆ ಒಳ್ಳೇದು. ಕಂಪ್ಯೂಟರ್ ಒಳಗಿನ ಕಾರ್ಡುಗಳಲ್ಲಿ ಬಹಳಷ್ಟಕ್ಕೆ ಈಗ ಡ್ರೈವರ್ ಸಿಗೋದು ಕಷ್ಟ. ಎಸ್‌ಪಿ ರೋಡಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ. ಜೊತೆಗೆ ನಿಮ್ಮ ಲೈನಿಗೆ ಕಾಲರ್ ಐಡಿ ಸೇವೆ ಚಾಲೂ ಇರಬೇಕು. ಎಕ್ಸ್‌ಚೇಂಜ್ ಕಳಿಸದ್ದನ್ನು ಯಾವ ಮೋಡೆಮ್ಮೂ ಓದಲಾರದು.

ಮಾಡೋ ಕ್ರಮ

1. ಫೋನಿನ ತಂತಿಯನ್ನು ಮೋಡೆಮ್ಮಿನ 'ಲೈನ್' ತೂತಿಗೆ ಹಾಕಿ. ಎಡಿಎಸ್‌ಎಲ್ ಇದ್ದರೆ ಸ್ಪ್ಲಿಟರ್‌ನ ಫೋನ್ ಕಡೆಯಿಂದ ತಗೊಳ್ಳಿ. ರಿಂಗ್ ಆಗುವಾಗ ತಂತಿಯಲ್ಲಿ ಸುಮಾರು 75 ವೋಲ್ಟ್ ಇರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ಗುಡುಗು ಮಳೆ ಬಂದರೆ ತಂತಿ ಕಿತ್ತಿಡಿ.

2. ಲಿನಕ್ಸ್‌ನಲ್ಲಿ ಮಿನಿಕಾಮ್, ವಿಂಡೋಸ್‌ನಲ್ಲಿ ಪುಟ್ಟಿ ತೆರೆಯಿರಿ. ವಿಸ್ಟಾದಿಂದೀಚೆಗೆ ವಿಂಡೋಸ್ ಜೊತೆ ಹೈಪರ್‌ಟರ್ಮಿನಲ್ ಬರ್ತಿಲ್ಲ.

3. ಇಂಗ್ಲಿಷ್ ದೊಡ್ಡಕ್ಷರದಲ್ಲಿ 'ಎಟಿ' ಅಂತ ಹೊಡೆಯಿರಿ, 'ಓಕೆ' ಬರಬೇಕು. ಆಮೇಲೆ 'ಎಟಿ+ಜಿಸಿಐ=53' ಹೊಡೆಯಿರಿ. 53 ಅಂದ್ರೆ ಭಾರತದ ಸಂಕೇತ. ಕೆಲವು ಚಿಪ್‌ಗಳು ದೇಶ ನೋಡಿಯೇ ಕಾಲರ್ ಐಡಿ ಪದ್ಧತಿ ಆರಿಸಿಕೊಳ್ಳುತ್ತವೆ.

4. 'ಎಟಿ+ವಿಸಿಐಡಿ=1' ಹೊಡೆಯಿರಿ. ಒಪ್ಪದಿದ್ದರೆ 'ಎಟಿ#ಸಿಐಡಿ=1'. ಇಲ್ಲಿ 'ಓಕೆ' ಬಂದರೆ ಆಜ್ಞೆ ಒಪ್ಪಿತು ಅಂತ ಮಾತ್ರ. ನಮ್ಮ ಸಂಕೇತ ಅರ್ಥವಾಗುತ್ತೆ ಅನ್ನೋಕೆ ಗ್ಯಾರಂಟಿ ಇಲ್ಲ.

5. ಮೊಬೈಲಿನಿಂದ ಕರೆ ಮಾಡಿ ನೋಡಿ. 'ಎನ್‌ಎಂಬಿಆರ್=' ಮುಂದೆ ನಂಬರ್ ಬಂದರೆ ಗೆದ್ದಿರಿ. ಅಲ್ಲಿ 'ಪಿ' ಬಂದರೆ ಕರೆದವರು ನಂಬರ್ ಮರೆಮಾಡಿದ್ದಾರೆ, 'ಓ' ಬಂದರೆ ನಂಬರ್ ಲಭ್ಯವಿಲ್ಲ ಅಂತ ಅರ್ಥ.

ಬರೀ ರಿಂಗ್ ತೋರಿಸಿದರೆ ಡಿಟಿಎಂಎಫನ್ನು ಎಫ್‌ಎಸ್‌ಕೆಗೆ ಬದಲಿಸುವ ಸಣ್ಣ ಡಬ್ಬಿ ಸಿಗುತ್ತೆ, ಅದನ್ನು ನಡುವೆ ಹಾಕಬೇಕು. ಫೈಬರ್‌ಗೆ ಬದಲಾದ ಮನೆಗಳಲ್ಲಿ ಸಂಕೇತ ಕಳಿಸೋದು ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯೇ. ಅದರ ಫೋನ್ ತೂತಿಗೆ ಮೋಡೆಮ್ ಹಾಕಿದರಾಯ್ತು. ಎಷ್ಟೋ ಪೆಟ್ಟಿಗೆಗಳಲ್ಲಿ ಪದ್ಧತಿ ಬದಲಿಸುವ ಆಯ್ಕೆಯೂ ಇರುತ್ತೆ. ದಿನಪೂರ್ತಿ ಲೆಕ್ಕ ಬೇಕಂದ್ರೆ ರಾಸ್‌ಬೆರಿ ಪೈ ಮೇಲೆ 'ಎನ್‌ಸಿಐಡಿ' ಅನ್ನೋ ಮುಕ್ತ ತಂತ್ರಾಂಶ ಹಾಕಿ. ಪ್ರತಿ ಕರೆಯ ದಿನಾಂಕ, ಸಮಯ, ನಂಬರ್ ಕಡತದಲ್ಲಿ ಉಳಿಯುತ್ತೆ.

ಇಷ್ಟೆಲ್ಲ ಯಾಕೆ

'ಆ್ಯಪ್ ಇದೆಯಲ್ಲ' ಅಂತೀರಿ. ಲ್ಯಾಂಡ್‌ಲೈನಿಗೆ ಆ್ಯಪ್ ಇಲ್ಲ. ಮೊಬೈಲಿನಲ್ಲೂ ಹೆಸರು ತೋರಿಸುವ ಆ್ಯಪ್‌ಗಳು ನಡೆಯೋದು ಕೋಟ್ಯಂತರ ಜನ ಒಪ್ಪಿಸಿದ ಮಾಹಿತಿಯ ಮೇಲೆ. 2024ರ ಫೆಬ್ರವರಿಯಲ್ಲಿ ಟ್ರಾಯ್, ಕರೆದವರು ಸಿಮ್ ಅರ್ಜಿಯಲ್ಲಿ ಕೊಟ್ಟ ಹೆಸರನ್ನೇ ಪರದೆಯಲ್ಲಿ ತೋರಿಸಬೇಕೆಂದು ಶಿಫಾರಸು ಮಾಡಿತು. ಆದರೆ ಡಿಟಿಎಂಎಫ್ ಸಾಗಿಸೋದು ಅಂಕಿ ಮತ್ತು ನಾಲ್ಕೈದು ಚಿಹ್ನೆ ಮಾತ್ರ. ಹೆಸರು ಅದರೊಳಗೆ ಹಿಡಿಸೋದೇ ಇಲ್ಲ. ಅಂದರೆ ಮೋಸಕ್ಕೆ ಸುಲಭವಾಗಿ ಸಿಗುವ ಹಿರಿಯರ ಹಳೇ ಫೋನು ಈ ಸುಧಾರಣೆಯಿಂದ ಹೊರಗುಳಿಯುತ್ತದೆ. ನೀತಿ ರೂಪಿಸುವವರ ಕಣ್ಣಿಗೆ ಸ್ಮಾರ್ಟ್‌ಫೋನ್ ಇಲ್ಲದವರು ಬೀಳೋದೇ ಕಡಿಮೆ.

ಮೋಡೆಮ್ಮಿನ ಲೆಕ್ಕ ಮನೆ ಬಿಟ್ಟು ಎಲ್ಲೂ ಹೋಗೋಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ವ್ಯಕ್ತಿಯೊಬ್ಬರು ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಇಟ್ಟುಕೊಳ್ಳುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದೇ ಪಟ್ಟಿಯನ್ನು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಡಿದರೆ ಅದು ಮನೆಯ ಮಾತಾಗಿ ಉಳಿಯೋಲ್ಲ.

ಇದರ ಮಿತಿಯನ್ನೂ ಹೇಳಲೇಬೇಕು. ತೋರಿಸುವ ನಂಬರನ್ನೇ ನಕಲಿ ಮಾಡಬಹುದು. ಹಾಗಾಗಿ ಈ ಪಟ್ಟಿ ಕರೆ ಬಂದದ್ದಕ್ಕೆ ಸಾಕ್ಷಿ, ಕರೆದವರು ಯಾರು ಅನ್ನೋದಕ್ಕಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬರೀ ಅನುಮಾನದ ಕರೆಯಾದರೆ 'ಸಂಚಾರ್ ಸಾಥಿ'ಯ 'ಚಕ್ಷು'ವಿನಲ್ಲಿ ದಾಖಲಿಸಿ. ಎರಡೂ ಕಡೆ ನಂಬರ್ ಮತ್ತು ಸಮಯ ಕೈಯಲ್ಲಿದ್ದರೆ ಅಜ್ಜಿಯ ನೆನಪಿನ ಶಕ್ತಿಯನ್ನು ಯಾರೂ ಪರೀಕ್ಷೆ ಮಾಡಬೇಕಾಗಿಲ್ಲ.